ನೂರರಲ್ಲಿ ಎಂಟು ಯಾರು ತಿಂದರು

2022 ಅಕ್ಟೋಬರ್ 2, ಭಾನುವಾರ, ಬೆಳಿಗ್ಗೆ

ಕೊಡುತ್ತೇವೆ ಅಂದದ್ದು, ಕೊಡದೆ ಬಿಟ್ಟದ್ದು. ಬರೆದಿಡುತ್ತೇನೆ.

ಕೈಗವಸು. ಮೀನು ಕಾರ್ಖಾನೆಯವರು ತಿಂಗಳಿಗೆ ಎರಡು ಜೊತೆ ಅಂದರು. ಬೇಸಿಗೆ ಪೂರ್ತಿ ಒಂದೇ ಜೊತೆ.

ಬಸ್ಸು. ದೋಣಿ ಎಷ್ಟು ಹೊತ್ತಿಗೆ ಬಂದರೂ ಕರೆದೊಯ್ದು ವಾಪಸು ಬಿಡುತ್ತೇವೆ ಅಂದರು. ಕರೆದೊಯ್ಯುತ್ತಾರೆ. ವಾಪಸು ನಡಿಗೆ.

ನಿಧಿಗೆ ಮಾಲೀಕರ ಪಾಲು. ಪ್ರತಿ ತಿಂಗಳು ಅಂದರು. ಕೇಳಿದಾಗಲೆಲ್ಲ ಮುಂದಿನ ತಿಂಗಳು.

ಕಕ್ಕಸಿಗೆ ಹೋಗಲು ಮೇಸ್ತ್ರಿಯ ಅನುಮತಿ ಬೇಡ ಅಂದರು. ಈಗಲೂ ಬೇಕು.

ಬಾಂಡ್ ಫಂಡು. ನಿಧಿಯ ದುಡ್ಡೆಲ್ಲ ಅಲ್ಲಿ. ಬಂದರು ರಸ್ತೆಯ ಬ್ಯಾಂಕಿನ ಸಾಹೇಬ ಸೀ ಅನ್ವರ್ ನಾಲ್ಕು ವರ್ಷದ ಹಿಂದೆ ನಮ್ಮ ಸಂಘದ ಸಮಿತಿಯ ಮುಂದೆ ಕೂತು, ಅಮ್ಮಾ ಅನ್ನುವ ಹಾಗೆ ಲಲ್ಲಾ ಅಂತ ಕರೆದು ಹೇಳಿದ್ದು — "ಇದು ಷೇರಲ್ಲ ಲಲ್ಲಾ. ಸರ್ಕಾರದ ಬಾಂಡು. ಇದಕ್ಕೆ ಕೆಳಗಿಳಿಯೋ ದಾರಿನೇ ಗೊತ್ತಿಲ್ಲ." ಶುಕ್ರವಾರ ಬಂದ ಲೆಕ್ಕ: ಹೋದ ಡಿಸೆಂಬರಿನಲ್ಲಿ ನೂರು ಇದ್ದದ್ದು ಈಗ ತೊಂಬತ್ತೇಳು. ದಾರಿ ಚೆನ್ನಾಗಿಯೇ ಗೊತ್ತಿದೆ.

ಏಳುನೂರು ಹೆಂಗಸರ ದುಡ್ಡು. ಬೂತಾಯಿಯ ತಲೆ ಕತ್ತರಿಸಿ, ಕರುಳು ತೆಗೆದು, ಡಬ್ಬಿಗೆ ಜೋಡಿಸಿ ಗಳಿಸಿದ ಕೂಲಿಯಿಂದ ತಿಂಗಳು ತಿಂಗಳು ಹಿಡಿದದ್ದು. ಕೆಲಸ ಬಿಡುವ ದಿನ ಕೈಗೆ ಬರಬೇಕಾದ್ದು. ಆ ನಿಧಿಗೆ ನಾನು ಖಜಾಂಚಿ. ಸಫಿ ಊರಿನ ಬೀದಿಯಲ್ಲಿ ನನ್ನ ಹೆಸರು ಬತೂಲ್ ಅಲ್ಲ ಈಗ, "ನಿಧಿಯವಳು".

ರಬಾತಿನ ಕೇಂದ್ರ ಬ್ಯಾಂಕಿನವರು ಮಂಗಳವಾರ ಬಡ್ಡಿದರ ಏರಿಸಿದರು. ಮಾಲೀಕರಿಗೆ ಮನವಿ ಬರೆಯಬೇಕು. ಮೊದಲು ಬಟ್ಟೆ ಒಗೆಯಬೇಕು. ಮೀನಿನ ವಾಸನೆ ಮೂರು ನೀರಿಗೂ ಹೋಗುವುದಿಲ್ಲ.

ಅಕ್ಟೋಬರ್ 9, ಭಾನುವಾರ

ಪಾಳಿ ಮುಗಿದಾಗ ಗೇಟಿನಲ್ಲಿ ಹಿಡಿದುಕೊಂಡರು. ಇಪ್ಪತ್ತು ಮೂವತ್ತು ಜನ.

"ಮೂರು ಕಡಿಮೆಯಂತೆ. ಹೌದೇನೆ?"

ಹೌದು ಅಂದೆ.

"ಯಾರು ತಿಂದ್ರು?"

ಯಾರೂ ತಿಂದಿಲ್ಲ ಅಂದೆ. ಬಾಂಡು ಅಂದರೆ ಸರ್ಕಾರಕ್ಕೆ ಕೊಟ್ಟ ಸಾಲ. ನಮ್ಮ ಹಳೆಯ ಬಾಂಡು ನೂರಕ್ಕೆ ಎರಡು ಬಡ್ಡಿ ಕೊಡುತ್ತದೆ. ಈಗ ಹೊಸದು ಮೂರು ಕೊಡುತ್ತದೆ. ಎರಡು ಕೊಡುವುದನ್ನು ಪೂರ್ತಿ ಬೆಲೆಗೆ ಯಾರು ಕೊಳ್ಳುತ್ತಾರೆ? ಬೆಲೆ ಇಳಿಸಿದರೆ ಮಾತ್ರ. ಆ ಇಳಿದ ಬೆಲೆಯನ್ನೇ ಬ್ಯಾಂಕು ಬರೆದು ಕಳಿಸಿದೆ.

ಕಣ್ಣು ಮಿಟುಕಿಸದೆ ಕೇಳಿದರು. ಆಮೇಲೆ ಒಬ್ಬಳು ಮೆಲ್ಲಗೆ, ಮಗುವಿಗೆ ಹೇಳಿದ ಹಾಗೆ — "ಅದೆಲ್ಲಾ ಸರಿ ಬತೂಲ್. ಯಾರು ತಿಂದ್ರು?"

ಇವರ ತಪ್ಪಲ್ಲ. ಇವರಿಗೆ ಗೊತ್ತಿರುವ ಉಳಿತಾಯ ದಾರೆತ್ ಒಂದೇ — ಹನ್ನೆರಡು ಜನ ಸೇರಿ ಕಟ್ಟುವ ಚೀಟಿ. ತಿಂಗಳಿಗೊಬ್ಬಳಿಗೆ ಪೂರ್ತಿ ಗಂಟು. ಚೀಟಿಯ ಗಂಟು ತಾನಾಗಿ ಕರಗುವುದಿಲ್ಲ. ಕಡಿಮೆ ಬಂತು ಅಂದರೆ ಒಬ್ಬಳು ಎತ್ತಿಕೊಂಡು ಓಡಿದ್ದಾಳೆ ಅಂತಲೇ ಅರ್ಥ. ಬಾಂಡ್ ಫಂಡನ್ನೂ ಅದೇ ತಕ್ಕಡಿಗೆ ಹಾಕುತ್ತಾರೆ. ಓಡಿಹೋದವಳು ಯಾರು? ನಾನು ಇಲ್ಲೇ ನಿಂತಿದ್ದೇನೆ. ಹಾಗಾಗಿ ನಾನೇ.

ಹೊರಡುವಾಗ ಹಿಂದಿನಿಂದ ಕೇಳಿಸಿತು. "ಯಾಮ್ನಾಳದ್ದು ನೋಡು. ಒಂದು ದಿರ್ಹಮ್ ಇಳಿದಿಲ್ಲ."

ಯಾಮ್ನಾ. ಕೆಳಗಿನ ಕಾರ್ಖಾನೆಯ ಸಮಿತಿಯವಳು. ನಮ್ಮದೇ ಸಂಘ, ಅದೇ ಕೆಲಸ, ಅವರ ನಿಧಿಗೆ ಅವಳು ಖಜಾಂಚಿ. ಅವರ ದುಡ್ಡು ಅಲ್ಪಾವಧಿ ಫಂಡಿನಲ್ಲಿದೆ. ಮೂರು ತಿಂಗಳು, ಆರು ತಿಂಗಳಿಗೆ ಮುಗಿಯುವ ಸಾಲಗಳು. ಬೇಗ ಮುಗಿಯುವುದರ ಬೆಲೆ ಇಳಿಯಲು ಹೊತ್ತೇ ಸಿಗುವುದಿಲ್ಲ. ನೂರು ಇದ್ದದ್ದು ನೂರ ಒಂದು ಆಗಿದೆ.

ನೂರ ಒಂದು.

ನವೆಂಬರ್ 4, ಶುಕ್ರವಾರ

ಕುಸ್ಕುಸ್ ಬಡಿಸುವಾಗ ಮೆಕ್ಕಿ ಶುರುಮಾಡಿದ. ಗಂಡ ಟ್ಯಾಕ್ಸಿ ಓಡಿಸಿದರೆ ಊರಿನ ಬಾಯೆಲ್ಲ ಮನೆಗೆ ಬರುತ್ತದೆ.

"ಇವತ್ತು ಆ ಯಾಮ್ನಾನ ಬಂದರಿನ ತನಕ ಬಿಟ್ಟೆ. ಗಾಡಿಲಿದ್ದ ಇನ್ನಿಬ್ಬರು ಹೆಂಗಸರು ಅವಳ ಬಾಡಿಗೆ ತಾವೇ ಕೊಟ್ರು. ನಾ ಬೇಡ ಅಂದ್ರೂ ಕೇಳ್ಲಿಲ್ಲ."

"ನೀನ್ಯಾಕೆ ಬೇಡ ಅಂದೆ?"

"ಯಾರಾದ್ರೂ ಅಂತಾರಪ್ಪ."

"ನಾನು ಹತ್ತಿದ್ರೆ ಬಾಡಿಗೆ ಯಾರು ಕೊಡ್ತಾರೆ?"

"ನೀನು ನನ್ನ ಹೆಂಡ್ತಿ ಕಣೇ. ನಿನ್ನತ್ರ ಯಾರು ಕೇಳ್ತಾರೆ? ಕುಂಬಳಕಾಯಿ ಈ ಕಡೆ ತಳ್ಳು."

ತಳ್ಳಲಿಲ್ಲ. ಎಲ್ಲವನ್ನೂ ನಾನೇ ತಿಂದೆ.

ನನಗೆ ಹೊಟ್ಟೆಕಿಚ್ಚು. ಬರೆದುಬಿಡುತ್ತೇನೆ, ಇಲ್ಲಿ ಯಾರ ಮರ್ಯಾದೆ? ಸಂಘದ ಸಭೆಯಲ್ಲಿ ಶೋಷಣೆ, ಹಕ್ಕು, ಒಗ್ಗಟ್ಟು ಅಂತ ಇಪ್ಪತ್ತು ವರ್ಷ ಗಂಟಲು ಹರಿದುಕೊಂಡಿದ್ದೇನೆ. ಒಗ್ಗಟ್ಟಿನ ನಡುವೆ ಈ ಹೆಂಗಸಿನ ದನಿ ಕೇಳಿದರೆ ಕಿವಿ ಸುಡುತ್ತದೆ. ದರ ಇಳಿಯುತ್ತಿದ್ದ ಮೂರು ವರ್ಷ ನಮ್ಮ ಫಂಡು ನಾಲ್ಕು ಕೊಟ್ಟಿತು, ಐದು ಕೊಟ್ಟಿತು. ಯಾಮ್ನಾಳದ್ದು ಎರಡಕ್ಕೆ ತೆವಳುತ್ತಿತ್ತು. ಆಗ ಯಾರೂ ನನ್ನ ಬಾಡಿಗೆ ಕೊಡಲಿಲ್ಲ. ಏರುವಾಗ ಅದು ದೇವರ ದಯೆ. ಇಳಿಯುವಾಗ ಬತೂಲಳ ಕೈ.

ಡಿಸೆಂಬರ್ 14, ಬುಧವಾರ

ಸಂಘದ ಮಹಡಿಯಲ್ಲಿ ದೊಡ್ಡ ಪರದೆ. ವಿಶ್ವಕಪ್ ಫುಟ್ಬಾಲಿನ ಸೆಮಿಫೈನಲಿನಲ್ಲಿ ಫ್ರಾನ್ಸ್ ಎದುರು ಸೋತೆವು. ಅಳು, ಬೈಗುಳ, ಚಹಾ ಲೋಟ ಒಡೆದ ಸದ್ದು. ಹುಡುಗಿಯರು ಯಾಮ್ನಾಳ ಕೊರಳಿಗೆ ಬಿದ್ದು ಅತ್ತರು. ಸೋತದ್ದು ಹನ್ನೊಂದು ಗಂಡಸರು, ಸಮಾಧಾನ ಹಂಚುವವಳು ಇವಳು. ನಾನು ಎರಡು ಹೆಜ್ಜೆ ದೂರದಲ್ಲೇ ಇದ್ದೆ. ನನಗೂ ಕೊರಳಿದೆ.

ಡಿಸೆಂಬರ್ 21, ಬುಧವಾರ

ನಿನ್ನೆ ದರ ಮತ್ತೆ ಏರಿತು. ಅರ್ಧ. ನಮ್ಮದು ತೊಂಬತ್ತೈದು.

ಸೀ ಅನ್ವರ್‌ಗೆ ಫೋನು ಮಾಡಿದೆ. "ತಾಳ್ಮೆ ಲಲ್ಲಾ ಬತೂಲ್. ಇದು ಹವಾಮಾನ ಇದ್ದಂಗೆ." ಹವಾಮಾನಕ್ಕೆ ಫೀಸು ಯಾಕೆ ತಗೋತೀರಿ ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟ.

2023 ಜನವರಿ 17, ಮಂಗಳವಾರ

ಕಡಲಿಗೆ ರಜೆ. ಬೂತಾಯಿ ಮೊಟ್ಟೆ ಇಡುವ ಕಾಲ, ಬಲೆ ಬಿಡುವ ಹಾಗಿಲ್ಲ. ಮೀನಿಲ್ಲ, ಕೂಲಿಯಿಲ್ಲ. ಮೀನಿನ ಮರಿಗಳಿಗಾದರೂ ಸರ್ಕಾರ ರಜೆ ಕೊಡುತ್ತದೆ.

ತೊಂಬತ್ತೆರಡು.

ಖಾಲ್ತಿ ಹ್ನೀಯಾ ಮನೆಗೆ ಬಂದಳು. ನಮ್ಮ ಸಾಲಿನ ಹಿರಿಯಳು, ಎಲ್ಲರಿಗೂ ಖಾಲ್ತಿ, ಚಿಕ್ಕಮ್ಮ. ಮಾರ್ಚಿಗೆ ಕೆಲಸ ಬಿಡುವ ಹನ್ನೊಂದು ಜನರಲ್ಲಿ ಒಬ್ಬಳು. ಉಪ್ಪುನೀರಿಗೆ ಬೆರಳು ಬಾಗಿ ಹೋಗಿವೆ, ಲೋಟವನ್ನು ಎರಡು ಅಂಗೈ ನಡುವೆ ಹಿಡಿಯುತ್ತಾಳೆ. ಅವಳ ಮನೆ ಹಳೆ ಊರಿನ ಕಡಲ ಬಂಡೆಯ ಅಂಚಿನಲ್ಲಿ. ಅಂಚು ಕುಸಿಯುತ್ತಿದೆ, ಪಕ್ಕದ ಮನೆ ಹೋದ ವರ್ಷ ಸಮುದ್ರಕ್ಕೆ ಹೋಯಿತು. ಸರ್ಕಾರ ಊರ ಹೊರಗೆ ಎರಡು ಕೋಣೆ ಕೊಡುತ್ತದೆ. ಇವಳ ಪಾಲಿನ ಕಂತನ್ನು ಮಾರ್ಚ್ ಕೊನೆಯೊಳಗೆ ಕಟ್ಟಬೇಕು. ಕಟ್ಟದಿದ್ದರೆ ಕೋಣೆ ಇನ್ನೊಬ್ಬರಿಗೆ.

"ತೊಂಬತ್ತೆರಡು ಅಂದ್ರೆ ನಂಗೆ ಎಷ್ಟು ಕಮ್ಮಿ ಮಗಳೇ?"

"ಮೂರು ಸಾವಿರದ ಇನ್ನೂರು."

"ಕಂತಿಗೆ ಸರಿಯಾಗಿ ಎಣಿಸಿಟ್ಟಿದ್ದೆ. ಅದರಲ್ಲಿ ಇದಿಷ್ಟು ಇಲ್ಲ."

"ಈಗ ಮಾರೋದು ಬೇಡ ಖಾಲ್ತಿ. ದರ ಏರಿದ್ರೆ ಫಂಡಿಗೆ ಬರೋ ಬಡ್ಡಿನೂ ಏರತ್ತೆ. ಹಳೇ ಬಾಂಡು ಮುಗಿದಂಗೆ ಹೊಸದು ಜಾಸ್ತಿ ಕೊಡತ್ತೆ. ನಾಲ್ಕೈದು ವರ್ಷದಲ್ಲಿ ಗುಂಡಿ ತುಂಬ್ಕೊಳತ್ತೆ."

"ನಾಲ್ಕೈದು ವರ್ಷ ನನ್ನ ಗೋಡೆ ನಿಲ್ಲತ್ತಾ?"

ಅವಳ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

"ನೀ ಹೇಳೋದು ಸುಳ್ಳಲ್ಲ ಬತೂಲ್. ಆದ್ರೆ ಅದು ಸಿಹಾಮ್‌ಗೆ ಹೇಳೋ ಮಾತು. ನಮ್ಮ ಸಾಲಲ್ಲೇ ಚಿಕ್ಕೋಳು, ಇಪ್ಪತ್ಮೂರು ವರ್ಷ."

ಹೋದಳು. ಚಹಾ ಅರ್ಧ ಹಾಗೇ ಇದೆ.

ಲೆಕ್ಕ ಸರಿ, ಕೇಳಿದವಳು ಬೇರೆ. ಒಂದೇ ಫಂಡು. ಸಿಹಾಮ್‌ಗೆ ಈ ಇಳಿತ ಲಾಭ — ಅವಳ ತಿಂಗಳ ಹಣ ಈಗ ಅಗ್ಗದ ಬೆಲೆಗೆ ಕೊಳ್ಳುತ್ತದೆ, ಮೂವತ್ತು ವರ್ಷ ಮುಂದಿದೆ. ಹ್ನೀಯಾಳಿಗೆ ಇದು ನಷ್ಟ, ಇವತ್ತಿನದು, ತುಂಬಿಕೊಳ್ಳದ್ದು. ಇದು ನನಗೆ ಅಕ್ಟೋಬರಿನಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ನಾನು ಫಂಡನ್ನು ನೋಡುತ್ತಿರಲಿಲ್ಲ. ಯಾಮ್ನಾಳನ್ನು ನೋಡುತ್ತಿದ್ದೆ. ಮಾರಬೇಡಿ, ಮಾರಬೇಡಿ ಅಂತ ನಾಲ್ಕು ತಿಂಗಳು ಕೂಗಿದ್ದರಲ್ಲಿ ಅರ್ಧ ಬುದ್ಧಿ, ಅರ್ಧ ಹಟ. ಮಾರಿದರೆ ಅವಳ ದಾರಿ ಸರಿ ಅಂತ ಒಪ್ಪಿದ ಹಾಗೆ. ಅದಕ್ಕಿಂತ ತೊಂಬತ್ತೆರಡೇ ವಾಸಿ ಅನ್ನಿಸಿತ್ತು.

ಜನವರಿ 19, ಗುರುವಾರ

ಯಾಮ್ನಾಳ ಮನೆಗೆ ಹೋದೆ. ಹ್ನೀಯಾಳಿಗಾಗಿ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲಾ... ಅವಳ ಫಂಡಿನಲ್ಲಿ ಒಂದು ತೂತು ಹುಡುಕಲು ಹೋಗಿದ್ದೆ.

ಕಾಳು ಆರಿಸುತ್ತಿದ್ದಳು. ತಟ್ಟೆ ಅರ್ಧ ನನ್ನ ಕಡೆ ತಳ್ಳಿದಳು. ನಾನೂ ಆರಿಸಿದೆ.

"ನೀನು ಅಲ್ಪಾವಧಿಗೆ ಹಾಕಿದ್ದು ಹೇಗೆ? ದರ ಏರತ್ತೆ ಅಂತ ಯಾರು ಹೇಳಿದ್ರು ನಿಂಗೆ?"

ನಕ್ಕಳು. "ನಂಗ್ಯಾರೇ ಹೇಳ್ತಾರೆ? ನಮ್ಮ ಮಾಲೀಕ ಬೀಗ ಹಾಕಿ ದೂರದ ದಾಖ್ಲಾ ಊರಿಗೆ ಹೋಗ್ತಾನೆ ಅಂತ ಸುದ್ದಿ ಇತ್ತಲ್ಲ. ಯಾವತ್ತು ಬೀಗ ಬಿದ್ರೂ ಅವತ್ತೇ ದುಡ್ಡು ಕೈಗೆ ಸಿಗ್ಬೇಕು ಅಂತ ಹಾಕ್ದೆ. ಹೆದರಿಕೆ ಕಣೇ. ಜಾಣತನ ಅಲ್ಲ."

"ಊರೆಲ್ಲ ಜಾಣತನ ಅಂತಿದೆ."

"ಅನ್ನಲಿ ಬಿಡು. ಹೋದ ಮೂರು ವರ್ಷ ಇದೇ ಊರು ನನ್ನ ಸೋಮಾರಿ ಅಂತು. ಬತೂಲಳದ್ದು ನೋಡು, ಐದು ಕೊಡತ್ತೆ, ನೀನು ಎರಡಕ್ಕೆ ಕೂತಿದೀಯ ಅಂತ. ನಾನು ರಾತ್ರಿಯೆಲ್ಲ ನಿನ್ನ ಬೈಕೊಂಡು ಮಲಗ್ತಿದ್ದೆ."

ಕಾಳಿನಲ್ಲಿದ್ದ ಕಲ್ಲು ಕೈಯಲ್ಲೇ ಉಳಿಯಿತು. ನನ್ನನ್ನು? ಇವಳು?

"ನಿಂದು ನಂದು ಅಳೀಬೇಡ," ಅಂದಳು. "ನಂದು ಮೋಟು, ನಿಂದು ಉದ್ದ. ಮಳೆ ಬಂದಾಗ ಮೋಟು ಬಟ್ಟೆ ಕೆಸರಾಗಲ್ಲ, ಚಳಿಗೆ ಮೈ ಮುಚ್ಚಲ್ಲ. ನಿಂದರಂಥದ್ದೇ ಬೇರೆ ಫಂಡುಗಳಿವೆಯಲ್ಲ, ಅವು ಎಷ್ಟು ಇಳಿದಿವೆ ನೋಡಿದೀಯಾ?"

ನೋಡಿರಲಿಲ್ಲ.

ದಾರಿಯುದ್ದಕ್ಕೂ ಮೈ ಉರಿಯಿತು. ಅವಳಲ್ಲಿ ತೂತು ಹುಡುಕಲು ಹೋಗಿ ನನ್ನದನ್ನು ಹೊತ್ತುಕೊಂಡು ಬಂದೆ. ಅದೂ ಅವಳೇ ತೋರಿಸಿ. ಅವಳು ಹೊಟ್ಟೆಕಿಚ್ಚು ಪಟ್ಟಿದ್ದಳಂತೆ, ಈಗ ನಗುತ್ತಾಳೆ. ಆ ನಗುವಿಗೂ ಹೊಟ್ಟೆಕಿಚ್ಚು.

ಫೆಬ್ರವರಿ 3, ಶುಕ್ರವಾರ

ಫಂಡುಗಳ ಬೆಲೆಯ ವಾರದ ಪಟ್ಟಿ ಎಲ್ಲರಿಗೂ ಸಿಗುವಂಥದ್ದೇ. ಮೆಕ್ಕಿಯ ಫೋನಿನಲ್ಲಿ ಓದಿದೆ. ಅಕ್ಷರ ಇರುವೆಯಷ್ಟು. ನಮ್ಮದರ ಜಾತಿಯ ಫಂಡುಗಳನ್ನು ಬೇರೆ ಮಾಡಿ ಬರೆದುಕೊಂಡೆ. ಎರಡು ಸಲ ತಪ್ಪಾಯಿತು, ಷೇರಿನದ್ದೂ ಸೇರಿಸಿಬಿಟ್ಟಿದ್ದೆ.

ನಮ್ಮದು ನೂರು ಇದ್ದ ಆ ಡಿಸೆಂಬರಿನಿಂದ ಈಚೆಗೆ ಅವೂ ಇಳಿದಿವೆ. ಎಲ್ಲವೂ. ಒಂದು ಐದು, ಇನ್ನೊಂದು ಏಳು, ಹೆಚ್ಚಿನವು ಆರರ ಹತ್ತಿರ. ನಮ್ಮದು ಎಂಟು. ತಳದಿಂದ ಎರಡನೆಯದು.

ಆರು ಬಡ್ಡಿದರದ್ದು. ಎರಡು ಬೇರೆ ಯಾರದ್ದೋ.

ನಾಲ್ಕು ತಿಂಗಳಿಂದ ಆ ಹೆಂಗಸರು ಕೇಳುತ್ತಿದ್ದಾರೆ, ಯಾರು ತಿಂದರು ಅಂತ. ನಾನು ನಗುತ್ತಿದ್ದೆ.

ಫೆಬ್ರವರಿ 6, ಸೋಮವಾರ

ಬ್ಯಾಂಕು. ಸೀ ಅನ್ವರ್ ಎದ್ದು ನಿಂತು ಕುರ್ಚಿ ತೋರಿಸಿದ. ಚಹಾ ತರಿಸಿದ. ಬಡವರ ದುಡ್ಡು ಕಳೆದಾಗ ಬ್ಯಾಂಕಿನವರ ಉಪಚಾರ ಹೆಚ್ಚುತ್ತದೆ.

"ದರ ಏರಿದ್ರೆ ಎಲ್ಲಾ ಬಾಂಡ್ ಫಂಡೂ ಇಳಿಯತ್ವೆ ಲಲ್ಲಾ. ರಬಾತಿನಲ್ಲಿ ಕೂತು ದರ ಏರ್ಸಿದ್ದು ನಾನಾ?"

"ಆರು ಇಳಿದದ್ದು ರಬಾತಿನದು, ಒಪ್ಪಿದೆ. ಇನ್ನೆರಡು ಯಾರದ್ದು?"

"ಅದು ಸಣ್ಣ ವ್ಯತ್ಯಾಸ. ಸಕ್ಕರೆ ಎಷ್ಟು ಹಾಕ್ಲಿ?"

"ಸಕ್ಕರೆ ಬೇಡ. ಲೆಕ್ಕ ಹೇಳಿ."

ಹಿಂದಕ್ಕೆ ಒರಗಿದ. ದರ ಕಡಿಮೆ ಇದ್ದಾಗ ಕಾಸಾಬ್ಲಾಂಕಾದ ಮೇಲಿನವರು ಸ್ವಲ್ಪ ಹೆಚ್ಚಿನ ಬಡ್ಡಿಗಾಗಿ ಹದಿನೈದು ವರ್ಷದ ಬಾಂಡು ಕೊಂಡಿದ್ದರಂತೆ. ಎಷ್ಟು ದೂರದ ಬಾಂಡೋ ಅಷ್ಟು ಜೋರು ಬೀಳುತ್ತದೆ.

"ನಮಗೆ ಐದು ವರ್ಷದ್ದು ಅಂತ ಹೇಳಿದ್ರಿ."

"ಸರಾಸರಿ ಲಲ್ಲಾ, ಸರಾಸರಿ. ಜಾಸ್ತಿ ಬಂದಾಗ ನೀವೂ ಖುಷಿಪಟ್ಟಿದ್ರಲ್ಲ, ಆಗ ಯಾಕೆ ಬಂದು ಕೇಳ್ಲಿಲ್ಲ?"

ಈ ಏಟು ತಾಗಿತು. ಸೂಟು ಹಾಕಿದವರಿಗೆ ಒಮ್ಮೊಮ್ಮೆ ಸತ್ಯ ಸಿಗುತ್ತದೆ, ತಪ್ಪು ಕೆಲಸಕ್ಕೆ ಬಳಸುತ್ತಾರೆ.

"ನಿಮ್ಮ ಫೀಸು ಎಷ್ಟು ಇಳಿದಿದೆ ಸೀ ಅನ್ವರ್?"

"ಫೀಸು ನಿಗದಿಯಾಗಿರತ್ತೆ."

"ನಮ್ಮ ಕೂಲಿನೂ ನಿಗದಿಯಾಗಿದೆ. ಮೀನು ಬಂದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಲಿಖಿತ ಮನವಿ ಕೊಡಿ ಅಂದ. ಕೊಡುತ್ತೇವೆ. ಇವನ ಬಾಗಿಲಿಗೆ ಏಳುನೂರು ಜನ ಬಂದು ಕೊಡುತ್ತೇವೆ, ಮೀನಿನ ಏಪ್ರನ್ ಹಾಕಿಕೊಂಡೇ ಬರುತ್ತೇವೆ. ಆ ಎರಡು ಸಿಗುವ ಹೊತ್ತಿಗೆ ಹ್ನೀಯಾಳ ಮಾರ್ಚ್ ಮುಗಿದಿರುತ್ತದೆ.

ಫೆಬ್ರವರಿ 12, ಭಾನುವಾರ

ನಮ್ಮ ಸಾಲಿನ ಚೀಟಿ ಈ ತಿಂಗಳು ನನ್ನ ಮನೆಯಲ್ಲಿ. ಹನ್ನೆರಡು ಜನ, ಎರಡು ಕೆಟಲ್ ಚಹಾ. ಗಂಟು ಸಿಹಾಮ್‌ದು. ಎತ್ತಿಕೊಳ್ಳುವ ಹೊತ್ತಿಗೆ ಫತೂಮಾ ಬಾಯಿಬಿಟ್ಟಳು — ಮಗಳ ಹೆರಿಗೆ, ಸಿಸೇರಿಯನ್ ಅಂದಿದ್ದಾರೆ, ನನ್ನ ಸರದಿ ಜೂನಿಗೆ.

ಸಿಹಾಮ್ ಗಂಟನ್ನು ಅವಳ ಕಡೆ ಸರಿಸಿದಳು. "ತಗೋ. ನಂದು ಜೂನ್‌ಗೆ ಹಾಕಿ."

"ನಿಂಗೂ ಏನೋ ತಗೊಳೋದಿತ್ತಲ್ಲೇ?"

"ಫ್ರಿಜ್ಜು. ಚಳಿಗಾಲದಲ್ಲಿ ಯಾಕೆ ಫ್ರಿಜ್ಜು? ನಮ್ಮತ್ತೆಯ ಮಾತೇ ಸಾಕು, ಹಾಲು ಐಸಾಗತ್ತೆ."

ಎಲ್ಲ ನಕ್ಕರು. ಯಾರೂ ಇದನ್ನು ತ್ಯಾಗ ಅನ್ನಲಿಲ್ಲ. ಸರದಿ ಬದಲು ಅಂದರು, ಬಿಸ್ಕತ್ತು ತಿಂದರು.

ಲೋಟ ತೊಳೆಯುವಾಗ ಹೊಳೆಯಿತು. ಇಲ್ಲೇ ಇದೆ. ಕಾಯಬಲ್ಲವಳು ಕಾಯಲಾರದವಳಿಗೆ ಸರದಿ ಬಿಡುತ್ತಾಳೆ. ಇನ್ನೆರಡು ವರ್ಷದೊಳಗೆ ಕೆಲಸ ಬಿಡುವವರ ಹಣವನ್ನು ಅಲ್ಪಾವಧಿ ಫಂಡಿಗೆ ತೆಗೆದಿಡುವುದು, ಯಾಮ್ನಾಳದ್ದರ ಹಾಗೆ. ಉಳಿದವರದ್ದು ಉದ್ದದ ಬಾಂಡಿನಲ್ಲೇ ಇರಲಿ, ಆದರೆ ಈ ಬ್ಯಾಂಕಿನಲ್ಲಿ ಬೇಡ. ಅದೇ ಜಾತಿಯ ಒಳ್ಳೆಯ ಫಂಡಿಗೆ ಬದಲಿಸಿದರೆ ಅಲ್ಲೂ ಬಾಂಡು ಅಗ್ಗವಾಗಿಯೇ ಸಿಗುತ್ತದೆ, ಮುಂದೆ ಏರುವುದನ್ನು ಕಳೆದುಕೊಳ್ಳುವುದಿಲ್ಲ. ಮಾರ್ಚಿಗೆ ಹೋಗುವ ಹನ್ನೊಂದು ಜನರ ಎಂಟನ್ನು ಏಳುನೂರು ಜನ ಹಂಚಿಕೊಂಡು ತುಂಬುವುದು. ತಲೆಗೆ ಐವತ್ತು ದಿರ್ಹಮ್. ಅರ್ಧ ದಿನದ ಕೂಲಿ.

ನಾನೇ ಯೋಚಿಸಿದ್ದು ಇದು. ಯಾಮ್ನಾ ಹೇಳಿಕೊಟ್ಟದ್ದಲ್ಲ. ನಾನು.

ಮಾರ್ಚ್ 5, ಭಾನುವಾರ

ಕಡಲು ತೆರೆದು ಎರಡು ವಾರ ಆಯಿತು. ಬರೆಯಲು ಬೆರಳು ಬಗ್ಗಲಿಲ್ಲ.

ಸಮಿತಿಯ ಮುಂದೆ ಇಟ್ಟೆ. ಅಧ್ಯಕ್ಷ ಬೂಶ್ತಾ ಎರಡು ಸಲ ಕೇಳಿಸಿಕೊಂಡ. "ಸರಿಯಿದೆ. ಸಾಲುಗಳಲ್ಲಿ ಹೇಳಿ ನೋಡು, ಏನಂತಾರೆ."

ಕತ್ತರಿಸುವ ಸಾಲಿನಲ್ಲಿ ಹೇಳಿದೆ. ಚಾಕು ನಿಲ್ಲಲಿಲ್ಲ. ಒಬ್ಬಳು ಮುಖವನ್ನೂ ಎತ್ತದೆ, "ತಿಂದೋಳೂ ಅವಳೇ, ತುಂಬಿ ಅನ್ನೋಳೂ ಅವಳೇ."

ಸಾಲು ಪೂರ್ತಿ ನಕ್ಕಿತು. ಸಿಹಾಮ್ ಕೂಡ.

ಬ್ಯಾಂಕಿನ ಎರಡರ ಬಗ್ಗೆ ಹೇಳಿದೆ, ಹದಿನೈದು ವರ್ಷದ ಬಾಂಡಿನ ಬಗ್ಗೆ ಹೇಳಿದೆ. "ಈಗ ಬ್ಯಾಂಕಿನ ತಲೆಗೆ ಕಟ್ತಾಳೆ ನೋಡು."

ಗೇಟಿನಲ್ಲಿ ಬೂಶ್ತಾ ಸಿಗರೇಟು ಹಚ್ಚಿದ. ನನ್ನ ಮುಖ ನೋಡದೆ ಅಂದ, "ಯಾಮ್ನಾ ಬಂದು ಹೇಳಿದ್ರೆ ಕೇಳ್ತಾರೆ ಬತೂಲ್. ಬೇಜಾರು ಮಾಡ್ಕೋಬೇಡ. ಮಾತು ಅದೇ. ಬಾಯಿ ಬೇರೆ ಬೇಕು."

ಬೇಜಾರು ಮಾಡಿಕೊಳ್ಳಬಾರದಂತೆ.

ಮಾರ್ಚ್ 7, ಮಂಗಳವಾರ

ಹೇಳುವುದಿಲ್ಲ. ಅವಳ ಹತ್ತಿರ ಹೋಗುವುದಿಲ್ಲ. ನಾನು ಹೆತ್ತದ್ದನ್ನು ಅವಳ ಮಡಿಲಿಗೆ ಯಾಕೆ ಹಾಕಲಿ? ಬಾಡಿಗೆ ಅವಳದ್ದು ಕೊಡುತ್ತಾರೆ, ಕೊರಳು ಅವಳದ್ದು ತಬ್ಬುತ್ತಾರೆ, ಈಗ ಇದೂ.

ಸಂಜೆ ಹ್ನೀಯಾಳನ್ನು ಕಂಡೆ. ಪಾಳಿಯಲ್ಲಿ ಡಬ್ಬಿ ಜೋಡಿಸುತ್ತಿದ್ದಳು. ಬೆರಳು ಬಗ್ಗದೆ ಮೀನು ಜಾರಿ ಬಿತ್ತು. ಮೇಸ್ತ್ರಿ ನೋಡುವ ಮೊದಲು ಕಾಲಿನಿಂದ ಮೇಜಿನ ಅಡಿಗೆ ತಳ್ಳಿದೆ.

ಮಾರ್ಚ್ 9, ಗುರುವಾರ

ಹೆಂಗಸರ ಸ್ನಾನದ ಹಮಾಮಿಗೆ ಹೋದೆ. ಗುರುವಾರ ಯಾಮ್ನಾ ಅಲ್ಲಿರುತ್ತಾಳೆ ಅಂತ ಊರಿಗೆಲ್ಲ ಗೊತ್ತು. ಬಿಸಿ ಕೋಣೆಯ ಮೂಲೆಯಲ್ಲಿ ಬಕೆಟ್ ಇಟ್ಟುಕೊಂಡು ಕೂತಿದ್ದಳು. ಹಬೆಯಲ್ಲೂ ನಾಲ್ಕು ಜನ ಸುತ್ತ. ಅವರು ಎದ್ದು ಹೋಗುವ ತನಕ ಕಾದೆ.

"ಬಾ, ಬೆನ್ನು ತಿರುಗ್ಸು," ಅಂದಳು. ಕಪ್ಪು ಸಾಬೂನು ಹಚ್ಚಿ, ಒರಟು ಚೀಲ ಕೈಗೆ ಹಾಕಿ ಉಜ್ಜತೊಡಗಿದಳು. ಚರ್ಮ ಕೀಳುವ ಹಾಗೆ.

"ನಿಧಾನ."

"ಎಷ್ಟು ಕೊಳೆ ಹೊತ್ಕೊಂಡಿದೀಯೇ ಬತೂಲ್. ಆರು ತಿಂಗಳದ್ದು ಇರ್ಬೇಕು."

ಮುಖ ಕಾಣದ ಕಾರಣ ಹೇಳಲು ಸುಲಭವಾಯಿತು. ಎಲ್ಲ ಹೇಳಿದೆ. ಹನ್ನೊಂದು ಜನ. ಐವತ್ತು ದಿರ್ಹಮ್. ಸರದಿ ಬದಲು. ಬ್ಯಾಂಕಿನ ಎರಡು. ಅವಳ ಕೈ ನಿಂತಿತು.

"ಸರದಿ ಬದಲು ಅಂತ ಹೇಳೋದು ಯಾರ ತಲೆಗೆ ಬಂತು?"

"ನನ್ನ ತಲೆಗೇ."

"ಚೆನ್ನಾಗಿದೆ ಕಣೇ. ನಂಗೆ ಹೊಳೀಲಿಲ್ಲ ನೋಡು." ಮತ್ತೆ ಉಜ್ಜಿದಳು, ಈ ಸಲ ಮೆಲ್ಲಗೆ. "ನಮ್ಮ ಕಡೆಗೂ ಬೇಕು ಇದು. ನಮ್ಮದೆಲ್ಲಾ ಮೋಟು ಫಂಡಿನಲ್ಲೇ ಕೊಳೀತಿದೆ, ಹುಡುಗಿಯರಿಗೆ ಅದರಿಂದ ಏನು ಸಿಗತ್ತೆ?"

ಇಪ್ಪತ್ತು ವರ್ಷದಲ್ಲಿ ಇಷ್ಟು ಸಿಹಿಯಾದದ್ದು ನನ್ನ ಕಿವಿಗೆ ಬಿದ್ದಿಲ್ಲ. ಅವಳ ನಿಧಿಯೂ ಸರಿಯಿಲ್ಲ. ಅವಳೇ ಹೇಳಿದಳು. ಬೆತ್ತಲೆ ಕೂತು, ಮೈಯೆಲ್ಲ ಸಾಬೂನು, ಖುಷಿಯಾಯಿತು.

"ಭಾನುವಾರದ ಸಭೆಗೆ ನೀನು ಬಂದು ಹೇಳ್ಬೇಕು," ಅಂದೆ.

"ನಾನಾ? ನಿಮ್ಮ ಕಾರ್ಖಾನೆ ವಿಷಯ."

"ನನ್ನ ಮಾತು ಕೇಳಲ್ಲ ಅವ್ರು."

ಚೆಂಬಿನ ನೀರು ಸುರಿದಳು. ಕಣ್ಣಿಗೆ ಸಾಬೂನು. "ಆಯ್ತು, ಬರ್ತೀನಿ. ಇದು ಬತೂಲ್ ಯೋಚಿಸಿದ್ದು ಅಂತ ಮೊದಲೇ ಹೇಳ್ಬಿಡ್ತೀನಿ."

ಹೂಂ ಅನ್ನಬೇಕಿತ್ತು. ನಾಲಿಗೆ ತುದಿಯಲ್ಲಿತ್ತು. ಏಳುನೂರು ಜನರ ಮುಂದೆ, ಆ ದನಿಯಲ್ಲಿ, ನನ್ನ ಹೆಸರು. ಹೆಸರು ಬಿದ್ದ ಮರುಕ್ಷಣ ಏನಾಗುತ್ತದೆ ಅಂತಲೂ ಗೊತ್ತು. ತಿಂದೋಳೂ ಅವಳೇ. ನಗು. ಕೈಗಳು ಕೆಳಗೆ. ಹ್ನೀಯಾ ಬಂಡೆಯ ಅಂಚಿನಲ್ಲಿ.

"ಹೇಳ್ಬೇಡ," ಅಂದೆ.

"ಯಾಕೆ?"

"ಹೇಳಿದ್ರೆ ಬಿದ್ದು ಹೋಗತ್ತೆ."

"ಆಮೇಲೆ ಹೇಳ್ಲಾ? ಕೈ ಎತ್ತಿ ಮುಗಿದ ಮೇಲೆ?"

"ಆಮೇಲೂ ಬೇಡ. ಹನ್ನೊಂದು ಜನಕ್ಕೂ ದುಡ್ಡು ಸಿಗೋ ತನಕ ಬೇಡ."

ತಿರುಗಿ ನೋಡಿದೆ. ಅವಳು ನಗುತ್ತಿರಲಿಲ್ಲ. ನನ್ನ ಕೂದಲಿನ ಸಾಬೂನು ತೊಳೆದಳು, ತೊಳೆಯುತ್ತಲೇ ಇದ್ದಳು. ಯೋಚಿಸಿದವಳು ಅನ್ನುವ ಹೆಸರು ಅವಳಿಗೆ ಪುಕ್ಕಟೆ ಸಿಕ್ಕಿತು, ನನಗೆ ಆ ಕೈಯ ಮೃದುತ್ವ ತಡೆಯಲಾಗಲಿಲ್ಲ. ಎದ್ದು ಬಂದೆ.

ಮಾರ್ಚ್ 11, ಶನಿವಾರ, ಸಂಜೆ

ಕರಪತ್ರ ಹಂಚಿ ಮುಗಿಯಿತು. ಎರಡೂ ಕಾರ್ಖಾನೆಯ ಗೇಟು, ಮೀನಿನ ಹಡಗುಕಟ್ಟೆ, ಹಮಾಮಿನ ಬಾಗಿಲು. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ: ಮಾತಾಡುವವರು ಯಾಮ್ನಾ. ನಾನೇ ಬರೆದೆ. ಅವಳ ಹೆಸರಿನ ಅಕ್ಷರ ಎಷ್ಟು ದಪ್ಪ ಬೇಕು ಅಂತ ಬೂಶ್ತಾ ಕೇಳಿದ. ಎಲ್ಲಕ್ಕಿಂತ ದಪ್ಪ ಅಂದೆ. ಹಲ್ಲು ಕಚ್ಚಿಕೊಂಡೇ ಹೇಳಿದೆ.

ಓದಿದವರು ಬರುತ್ತೇವೆ ಅನ್ನುತ್ತಿದ್ದಾರೆ. "ಯಾಮ್ನಾ ಬರ್ತಾಳಾ? ಹಂಗಾದ್ರೆ ಏನೋ ಸರಿ ಹೋಗತ್ತೆ." ಕೇಳಿಸಿಕೊಂಡೆ, ಇನ್ನೊಂದು ಕರಪತ್ರ ಕೊಟ್ಟೆ.

ಬ್ಯಾಂಕಿಗೆ ಮನವಿ ಸಿದ್ಧವಾಗಿದೆ. ಎರಡರ ಲೆಕ್ಕ, ಹದಿನೈದು ವರ್ಷದ ಬಾಂಡು, ಇಳಿಯದ ಫೀಸು. ಅದಕ್ಕೆ ನನ್ನ ರುಜು. ಅಲ್ಲಿ ಯಾಮ್ನಾ ಬೇಕಿಲ್ಲ, ಬೈಯಿಸಿಕೊಳ್ಳಲು ನಾನೇ ಸಾಕು.

ಮೆಕ್ಕಿ ಕೇಳಿದ, "ನಾಳೆ ನೀನು ಮಾತಾಡಲ್ವಾ?"

"ಇಲ್ಲ."

"ಆರು ತಿಂಗಳಿಂದ ಆ ಫಂಡು ಫಂಡು ಅಂತ ನನ್ನ ಜೀವ ತಿಂದಿದ್ದು ಯಾಕೆ ಮತ್ತೆ?"

ಚಹಾಕ್ಕೆ ನೀರಿಟ್ಟೆ. ಅವನಿಗೆ ಹೇಳಿದರೆ ನಾಳೆ ಬೆಳಿಗ್ಗೆಯೊಳಗೆ ಟ್ಯಾಕ್ಸಿ ಹತ್ತಿದವರಿಗೆಲ್ಲ ಗೊತ್ತಾಗುತ್ತದೆ.

ಯೋಚಿಸಿದೆ. ಅವಳು ಮಾತು ಮುಗಿಸುತ್ತಾಳೆ. ಐವತ್ತು ದಿರ್ಹಮ್, ಎಲ್ಲರೂ ಪಕ್ಕದ ಮುಖ ನೋಡುತ್ತಾರೆ. ಮೊದಲ ಕೈ ಯಾರದ್ದು ಅಂತ. ನಾನು ಎತ್ತಿದರೆ ಬೇರೆಯವರು ಇಳಿಸುತ್ತಾರೆ. ಹಾಗಾಗಿ ಮೊದಲು ಎತ್ತುವ ಹಾಗೂ ಇಲ್ಲ. ಸಿಹಾಮ್ ಎತ್ತಬೇಕು. ಹತ್ತು, ಐವತ್ತು, ನೂರು ಕೈ ಎದ್ದ ಮೇಲೆ, ಯಾರೂ ನೋಡದಿರುವಾಗ, ಕೊನೆಯ ಸಾಲಿನಲ್ಲಿ ನಿಂತು ಯಾಮ್ನಾಳ ಮಾತಿಗೆ ನಾನು ಕೈ ಎತ್ತಬೇಕು. ನನ್ನ ಮಾತಿಗೆ.

ಹೊಟ್ಟೆ ಉರಿಯುತ್ತಲೇ ಇದೆ. ಉರಿಯಲಿ. ಉರಿ ಇಟ್ಟುಕೊಂಡೇ ಎತ್ತುತ್ತೇನೆ.

ಸಭೆ ಸಂಘದ ಮಹಡಿಯಲ್ಲಿ. ನಾಳೆ, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.